ಕೊನೆಗಾಲಕ್ಕೆ ಊರೇ ನಿಂತಾಗ: ಮಲಪ್ಪುರಂ ಪ್ರಕರಣ

ಕಾಯಿಲೆ ಇನ್ನು ವಾಸಿಯಾಗುವುದಿಲ್ಲ ಅಂತ ಗೊತ್ತಾದ ಮೇಲೆ ಆಸ್ಪತ್ರೆಯ ಕೆಲಸ ಹೆಚ್ಚುಕಡಿಮೆ ಮುಗಿದಂತೆ. ಮನೆಯವರ ಕೆಲಸ ಶುರುವಾಗುವುದೇ ಆಗ. ರಾತ್ರಿ ನೋವು ಬಂದರೆ ಏನು ಕೊಡಬೇಕು? ಮಗ್ಗುಲು ಹೇಗೆ ಬದಲಿಸಬೇಕು? ಹುಣ್ಣು ಯಾರು ತೊಳೆಯಬೇಕು? ದುಡಿಯುವವರೇ ಮಲಗಿದ್ದಾರೆ, ಅಕ್ಕಿಗೆ ಏನು ಮಾಡುವುದು? ಮಕ್ಕಳಿಗೆ ಏನಂತ ಹೇಳುವುದು? ಇವುಗಳಲ್ಲಿ ಡಾಕ್ಟರು ಉತ್ತರ ಕೊಡಬಹುದಾದ ಪ್ರಶ್ನೆ ಒಂದೋ ಎರಡೋ. ಉಳಿದವು ಮನೆಯವರ ತಲೆ ಮೇಲೆ ಬೀಳುತ್ತವೆ, ಅದರಲ್ಲೂ ಹೆಂಗಸರ ತಲೆ ಮೇಲೆ.

ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಸುಮಾರು 25 ವರ್ಷಗಳ ಹಿಂದೆ ಈ ಉಳಿದ ಪ್ರಶ್ನೆಗಳನ್ನು ಅಕ್ಕಪಕ್ಕದವರ ಕೈಗೆ ಕೊಟ್ಟು ನೋಡಿದರು. ಸುಮ್ನೆ ಕೊಡಲಿಲ್ಲ. ತರಬೇತಿ ಕೊಟ್ಟರು, ಗಡಿ ಹಾಕಿದರು, ಹಣದ ಜವಾಬ್ದಾರಿಯನ್ನೂ ಅವರಿಗೇ ವಹಿಸಿದರು. ಜಗತ್ತಿನ ಬೇರೆ ಬೇರೆ ಕಡೆಯಿಂದ ಜನ ಬಂದು ನೋಡಿ ಹೋದ ಪ್ರಯೋಗ ಇದು. ಅದು ಹೇಗೆ ಹುಟ್ಟಿತು, ಎಲ್ಲಿ ಗೆದ್ದಿತು, ಎಲ್ಲಿ ಎಡವಿತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಶುರುವಾಗಿದ್ದು ನೋವಿನಿಂದ

1993ರಲ್ಲಿ ಕಲ್ಲಿಕೋಟೆ ಮೆಡಿಕಲ್ ಕಾಲೇಜಿನಲ್ಲಿ ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ ಹುಟ್ಟಿತು. ಪ್ಯಾಲಿಯೇಟಿವ್ ಕೇರ್ ಅಂದರೆ ಕಾಯಿಲೆ ವಾಸಿಯಾಗದಿದ್ದರೂ ರೋಗಿಯ ನೋವು, ಹಿಂಸೆ ತಗ್ಗಿಸುವ ಆರೈಕೆ. ಕಟ್ಟಿದವರು ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸ್ವಯಂಸೇವಕರಾಗಿದ್ದ ಅಶೋಕ್ ಕುಮಾರ್. ಇಬ್ಬರೂ ಡಾಕ್ಟರುಗಳು ಅರಿವಳಿಕೆ ತಜ್ಞರು, ಅಂದರೆ ನೋವು ನಿಲ್ಲಿಸುವುದೇ ಅವರ ಕಸುಬು.

ರಾಜಗೋಪಾಲ್ ಒಂದು ಘಟನೆಯನ್ನು ಹಲವು ಸಲ ಹೇಳಿಕೊಂಡಿದ್ದಾರೆ. ನಾಲಗೆ ಕ್ಯಾನ್ಸರ್ ಇದ್ದ ಒಬ್ಬ ಕಾಲೇಜು ಮೇಷ್ಟ್ರು ಅವರ ಹತ್ತಿರ ಬಂದಿದ್ದರು. ನರಕ್ಕೆ ಇಂಜೆಕ್ಷನ್ ಕೊಟ್ಟ ಮೇಲೆ ನೋವು ನಿಂತಿತು. ಮತ್ತೆ ಯಾವಾಗ ಬರಬೇಕು ಅಂತ ಆತ ಕೇಳಿದರು. ಇದು ವಾಸಿಯಾಗುವ ಕಾಯಿಲೆ ಅಲ್ಲ, ಇನ್ನು ಬರುವ ಅಗತ್ಯ ಇಲ್ಲ ಎಂಬ ಉತ್ತರ ಸಿಕ್ಕಿತು. ಮನೆಗೆ ಹೋದ ಆತ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ವಾಸಿಯಾಗುವುದಿಲ್ಲ ಅನ್ನುವ ವಿಷಯವನ್ನು ಅಲ್ಲಿಯವರೆಗೆ ಯಾರೂ ಅವರಿಗೆ ಹೇಳಿರಲಿಲ್ಲ. ನೋವಿಗೆ ಮದ್ದು ಸಿಕ್ಕಿತ್ತು. ಆದರೆ ಆ ಮನುಷ್ಯನ ಮನಸ್ಸಿನಲ್ಲಿ ಏನಿದೆ ಅಂತ ವಿಚಾರಿಸುವವರು ಆ ವ್ಯವಸ್ಥೆಯೊಳಗೆ ಯಾರೂ ಇರಲಿಲ್ಲ.

ಆಗ ನೋವಿಗೆ ಮದ್ದು ಸಿಗುವುದೂ ಸುಲಭವಿರಲಿಲ್ಲ. ತೀವ್ರ ಕ್ಯಾನ್ಸರ್ ನೋವಿಗೆ ಅಫೀಮಿನಿಂದ ತಯಾರಾಗುವ ಮಾರ್ಫಿನ್ ಬೇಕೇ ಬೇಕು. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಒಂದೊಂದು ಆಸ್ಪತ್ರೆಯೂ ನಾಲ್ಕೈದು ಲೈಸೆನ್ಸ್ ಪಡೆಯಬೇಕಾಗಿತ್ತು. ಒಂದರ ಅವಧಿ ಮುಗಿಯುವ ಹೊತ್ತಿಗೆ ಇನ್ನೊಂದು ಬಂದಿರುತ್ತಿರಲಿಲ್ಲ. ಈ ರಗಳೆಗಿಂತ ತರಿಸದೇ ಇರುವುದೇ ವಾಸಿ ಅಂತ ಆಸ್ಪತ್ರೆಗಳು ಕೈಬಿಟ್ಟವು. ನೂರಾರು ಕೆ.ಜಿ. ಇದ್ದ ಇಡೀ ದೇಶದ ವಾರ್ಷಿಕ ಬಳಕೆ 1997ರಲ್ಲಿ 18 ಕೆ.ಜಿ.ಗೆ ಇಳಿದಿತ್ತು. ಅಫೀಮು ಬೆಳೆದು ಹೊರದೇಶಕ್ಕೆ ಕಳಿಸುವ ದೇಶದ ಕಥೆ ಇದು! ನಿಯಮಗಳನ್ನು ಮೊದಲು ಸರಳ ಮಾಡಿದ ರಾಜ್ಯಗಳಲ್ಲಿ ಕೇರಳವೂ ಒಂದು. ಕಾಯ್ದೆಗೇ ತಿದ್ದುಪಡಿ ಬರಲು 2014ರವರೆಗೆ ಕಾಯಬೇಕಾಯಿತು.

ಮದ್ದು ಬಂತು, ಕ್ಲಿನಿಕ್ಕೂ ನಡೆಯಿತು. ಆದರೆ ರೋಗಿ ಬರಬೇಕಲ್ಲ? ಈ ಹಂತದ ರೋಗಿಗೆ ಬಸ್ಸಿನಲ್ಲಿ ಕೂರಲು ಆಗುವುದಿಲ್ಲ, ಕಾರು ಮಾಡಿಸಿಕೊಂಡು ಬರಲು ಹಣ ಇರುವುದಿಲ್ಲ. ತಾಲ್ಲೂಕುಗಳಲ್ಲಿ ಕ್ಲಿನಿಕ್ ತೆರೆದರು. ಮಂಜೇರಿಯಂಥ ಕಡೆ ಅವು ಚೆನ್ನಾಗಿಯೇ ನಡೆದವು. ಆದರೂ ಮಲಗಿದ್ದಲ್ಲೇ ಇರುವ ಜಾಸ್ತಿ ಜನ ಇವರ ಕಣ್ಣಿಗೇ ಬೀಳುತ್ತಿರಲಿಲ್ಲ.

ಡಾ. ಸುರೇಶ್ ಕುಮಾರ್ ಮತ್ತು ಅವರ ಜೊತೆಗಾರರು ವಾದ ತಿರುಗಿಸಿದ್ದು ಇಲ್ಲಿ. ವಾಸಿಯಾಗದ ಕಾಯಿಲೆಯನ್ನು ವೈದ್ಯಕೀಯ ಸಮಸ್ಯೆ ಅಂತ ಹಿಡಿದುಕೊಂಡರೆ ಡಾಕ್ಟರ್ ಇಲ್ಲದ ಕಡೆ ಏನೂ ನಡೆಯುವುದಿಲ್ಲ. ಇದು ಮೊದಲು ಸಾಮಾಜಿಕ ಸಮಸ್ಯೆ, ಅದರಲ್ಲಿ ಒಂದು ಪಾಲು ವೈದ್ಯಕೀಯ ಅಂತ ನೋಡಿದರೆ ಊರಿನಲ್ಲಿ ಆಗಲೇ ಇರುವ ಜನರಿಂದಲೇ ಕೆಲಸ ಶುರು ಮಾಡಬಹುದು.

ವಾರಕ್ಕೆ ಎರಡು ಗಂಟೆ

2001ರ ಹೊತ್ತಿಗೆ ಮಲಪ್ಪುರಂನಲ್ಲಿ ನೇಬರ್‌ಹುಡ್ ನೆಟ್‌ವರ್ಕ್ ಇನ್ ಪ್ಯಾಲಿಯೇಟಿವ್ ಕೇರ್, ಅಂದರೆ ಅಕ್ಕಪಕ್ಕದವರ ಆರೈಕೆಯ ಜಾಲ, ಶುರುವಾಯಿತು. ಸೇರಲು ಒಂದೇ ಷರತ್ತು: ನಿಮ್ಮ ಊರಿನ ರೋಗಿಗಳಿಗಾಗಿ ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡಬೇಕು. ಓದು, ಜಾತಿ, ಪಕ್ಷ ಕೇಳಲಿಲ್ಲ. ಸೇರಿದವರಿಗೆ 16 ಗಂಟೆಗಳ ಪಾಠ, ಜೊತೆಗೆ ನಾಲ್ಕು ದಿನ ರೋಗಿಗಳ ನಡುವೆ ಕೆಲಸ. ಅದು ಮುಗಿದ ಮೇಲೆ 10ರಿಂದ 15 ಜನ ಒಂದು ಗುಂಪಾಗಿ ತಮ್ಮ ಊರಿನಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಅವರಿಗೆ ಏನು ಬೇಕು ಅಂತ ಪತ್ತೆ ಮಾಡಬೇಕು.

ಷರತ್ತು ಎಷ್ಟು ಸಣ್ಣದು ನೋಡಿ. ನನ್ನ ಪ್ರಕಾರ ಇಡೀ ಯೋಜನೆಯ ಜಾಣತನ ಇರುವುದು ಆ ಎರಡು ಗಂಟೆಯಲ್ಲಿ. ಸೇವೆಗೆ ಜೀವನ ಮುಡಿಪಾಗಿಡಿ ಅಂದರೆ ಊರಿಗೆ ಒಬ್ಬರು ಸಿಗುತ್ತಾರೆ. ಎಲ್ಲರೂ ಅವರನ್ನು ಹೊಗಳಿ ಸುಮ್ಮನಾಗುತ್ತಾರೆ. ಎರಡು ಗಂಟೆ ಕೊಡಿ ಅಂದರೆ ಟೀಚರು, ಆಟೋ ಓಡಿಸುವವರು, ಗಲ್ಫ್‌ನಿಂದ ವಾಪಸ್ ಬಂದವರು, ಮನೆಯಲ್ಲಿರುವ ಹೆಂಗಸರು, ಎಲ್ಲರೂ ಲೆಕ್ಕ ಹಾಕಿ ನೋಡುತ್ತಾರೆ.

ಸ್ವಯಂಸೇವಕರು ಮಾಡುವುದು ಏನು? ರೋಗಿಯ ಮನೆಗೆ ಹೋಗುತ್ತಾರೆ. ಕೂತು ಮಾತು ಕೇಳುತ್ತಾರೆ. ಮೈ ಒರೆಸುವುದು, ಮಗ್ಗುಲು ಬದಲಿಸುವುದು ಮನೆಯವರಿಗೆ ಕಲಿಸುತ್ತಾರೆ. ಹೊಟ್ಟೆಗಿಲ್ಲದ ಮನೆಗೆ ಅಕ್ಕಿ ಮುಟ್ಟಿಸುತ್ತಾರೆ, ಮಕ್ಕಳ ಓದಿಗೆ ಹಣ ಹೊಂದಿಸುತ್ತಾರೆ, ಆಸ್ಪತ್ರೆಗೆ ಹೋಗಲೇಬೇಕಾದರೆ ಗಾಡಿ ತರುತ್ತಾರೆ. ಮದ್ದು ಬರೆಯುವುದು, ಡೋಸ್ ಬದಲಿಸುವುದು ಮಾತ್ರ ಅವರ ಕೆಲಸ ಅಲ್ಲ. ಅದಕ್ಕೆ ತರಬೇತಿ ಪಡೆದ ನರ್ಸ್ ಮತ್ತು ಡಾಕ್ಟರ್ ಇದ್ದಾರೆ.

ಹಣ ಎಲ್ಲಿಂದ ಬಂತು ಅನ್ನುವುದೂ ಅಷ್ಟೇ ಮುಖ್ಯ. ದೊಡ್ಡ ದಾನಿಯೊಬ್ಬರ ಹಿಂದೆ ಬೀಳಲಿಲ್ಲ. ಅಂಗಡಿಗಳಲ್ಲಿ ಚಿಲ್ಲರೆ ಡಬ್ಬಿ ಇಟ್ಟರು. ಶಾಲಾ ಮಕ್ಕಳು ಕೂಡಿಸಿದರು. ಖರ್ಚಿನ ಬಹುಪಾಲು ಇಂಥ ಸಣ್ಣ ಸಣ್ಣ ಹಣದಿಂದಲೇ ನಡೆಯಿತು. ಡಬ್ಬಿಗೆ ಒಂದು ರೂಪಾಯಿ ಹಾಕಿದವರಿಗೆ ಒಂದು ಹಕ್ಕು ಬರುತ್ತದೆ ಅಲ್ವಾ? ನಮ್ಮ ಬೀದಿಯ ಅಜ್ಜನ ಮನೆಗೆ ಈ ವಾರ ಯಾಕೆ ಯಾರೂ ಹೋಗಲಿಲ್ಲ ಅಂತ ಕೇಳುವ ಹಕ್ಕು. ಹೊರಗಿನ ಅನುದಾನದಲ್ಲಿ ನಡೆಯುವ ಯೋಜನೆಯನ್ನು ಊರವರು ಹಾಗೆ ಕೇಳುವುದಿಲ್ಲ.

ಕೆಲವೇ ವರ್ಷಗಳಲ್ಲಿ ಉತ್ತರ ಕೇರಳದಲ್ಲಿ ಇಂಥ 60ಕ್ಕೂ ಹೆಚ್ಚು ಘಟಕಗಳಾದವು. ಮಲಪ್ಪುರಂನ ಜನಸಂಖ್ಯೆ 2011ರ ಜನಗಣತಿಯಲ್ಲಿ 41 ಲಕ್ಷ ದಾಟಿತ್ತು ಅನ್ನುವುದನ್ನು ನೆನಪಿಟ್ಟುಕೊಂಡರೆ ಇದೇನೂ ಒಂದು ಹಳ್ಳಿಯ ಮಾದರಿ ಪ್ರಯೋಗ ಅಲ್ಲ ಅಂತ ಗೊತ್ತಾಗುತ್ತದೆ.

ಒಂದು ಮನೆಯೊಳಗೆ

ಹೋಮ್ ಕೇರ್ ಗಾಡಿಯಲ್ಲಿ ಸಾಮಾನ್ಯವಾಗಿ ಒಬ್ಬ ನರ್ಸ್, ಒಬ್ಬರೋ ಇಬ್ಬರೋ ಸ್ವಯಂಸೇವಕರು ಇರುತ್ತಾರೆ. ಡಾಕ್ಟರ್ ಪ್ರತಿಸಲ ಬರುವುದಿಲ್ಲ. ನರ್ಸ್ ಚೀಲದಲ್ಲಿ ಗಾಜ್, ಹತ್ತಿ, ಕೈಗವಸು, ಮೂತ್ರದ ಕ್ಯಾತಿಟರ್, ಕೆಲವು ಮಾತ್ರೆ. ಜೊತೆಗೆ ಮೆಟ್ರೊನಿಡಜೋಲ್ ಪುಡಿ. ಈ ಪುಡಿಯ ಬಗ್ಗೆ ಸ್ವಲ್ಪ ಹೇಳಬೇಕು.

ಸ್ತನದ ಕ್ಯಾನ್ಸರ್, ಬಾಯಿಯ ಕ್ಯಾನ್ಸರ್ ಕೆಲವರಲ್ಲಿ ಚರ್ಮ ಒಡೆದು ಹೊರಗೆ ಹುಣ್ಣಾಗುತ್ತದೆ. ಅದರ ವಾಸನೆ ತಡೆಯಲಾಗದಂಥದ್ದು. ಮೊದಲು ರೋಗಿಯ ಹಾಸಿಗೆ ಹಿಂದಿನ ಕೋಣೆಗೆ ಹೋಗುತ್ತದೆ. ಆಮೇಲೆ ಆ ಕೋಣೆಯ ಬಾಗಿಲು ಮುಚ್ಚುತ್ತದೆ. ನೆಂಟರು ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಾರೆ. ಮೊಮ್ಮಕ್ಕಳು ಬರುವುದು ನಿಲ್ಲುತ್ತದೆ. ರೋಗಿಗೆ ತನ್ನ ವಾಸನೆ ತನಗೇ ಗೊತ್ತು, ಹಾಗಾಗಿ ಯಾರನ್ನೂ ಹತ್ತಿರ ಕರೆಯುವುದಿಲ್ಲ. ಈ ವಾಸನೆಗೆ ಕಾರಣ ಗಾಳಿ ಇಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳು. ಅವನ್ನು ಕೊಲ್ಲುವ ಮೆಟ್ರೊನಿಡಜೋಲ್ ಯಾವ ಔಷಧಿ ಅಂಗಡಿಯಲ್ಲೂ ಸಿಗುವ ಅಗ್ಗದ ಮಾತ್ರೆ. ಅದನ್ನು ಪುಡಿ ಮಾಡಿ, ತೊಳೆದ ಹುಣ್ಣಿನ ಮೇಲೆ ಉದುರಿಸಿ ಕಟ್ಟಿದರೆ ಕೆಲವು ದಿನಗಳಲ್ಲಿ ವಾಸನೆ ತಗ್ಗುತ್ತದೆ. ಗಡ್ಡೆ ಹಾಗೇ ಇರುತ್ತದೆ, ಕಾಯಿಲೆ ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ. ಬಾಗಿಲು ಮಾತ್ರ ತೆರೆಯುತ್ತದೆ. ಈ ಕಟ್ಟು ಬದಲಿಸುವುದನ್ನು ನರ್ಸ್ ಮಗಳಿಗೋ ಸೊಸೆಗೋ ಕೈಹಿಡಿದು ಕಲಿಸುತ್ತಾರೆ, ಯಾಕೆಂದರೆ ಗಾಡಿ ದಿನಾ ಬರುವುದಿಲ್ಲ.

ಮಾರ್ಫಿನ್ ವಿಷಯದಲ್ಲೂ ಮನೆಯವರಿಗೆ ಹೇಳುವುದು ಇರುತ್ತದೆ. ಮಾಮೂಲಿ ಮಾತ್ರೆಯಾದರೆ ನಾಲ್ಕು ಗಂಟೆಗೊಮ್ಮೆ ಕೊಡಬೇಕು. ನೋವು ಬರಲಿ ಆಮೇಲೆ ಕೊಡೋಣ ಅಂತ ಕಾಯಬಾರದು. ಅದು ಮಲ ಕಟ್ಟಿಸುತ್ತದೆ, ಆದ್ದರಿಂದ ಮಲ ಸಡಿಲಿಸುವ ಮಾತ್ರೆ ಜೊತೆಗೇ ಇರಬೇಕು. ಇದನ್ನು ಮರೆತರೆ ಮಲಬದ್ಧತೆಯ ಹಿಂಸೆ ತಾಳಲಾರದೆ ರೋಗಿ ಮಾರ್ಫಿನ್ನನ್ನೇ ಬಿಡುತ್ತಾರೆ. ಚಟ ಹತ್ತುತ್ತದಾ ಅನ್ನುವ ಭಯ ಎಲ್ಲ ಮನೆಗಳಲ್ಲೂ ಇರುತ್ತದೆ. ನೋವಿಗೆ ಸರಿಯಾದ ಅಳತೆಯಲ್ಲಿ ಕೊಟ್ಟರೆ ಅಂಥ ಸಾಧ್ಯತೆ ಬಹಳ ಕಡಿಮೆ ಅಂತ ನರ್ಸ್ ಒಂದು ಸಲ ಹೇಳಿದರೆ ಸಾಲುವುದಿಲ್ಲ. ಪಕ್ಕದ ಬೀದಿಯವರೇ ಆದ ಸ್ವಯಂಸೇವಕರು ಇನ್ನೊಮ್ಮೆ, ಮತ್ತೊಮ್ಮೆ ಹೇಳಿದಾಗ ನಂಬಿಕೆ ಬರುತ್ತದೆ.

ಸರ್ಕಾರ ಬಂದ ಮೇಲೆ

2008ರಲ್ಲಿ ಕೇರಳ ಸರ್ಕಾರ ಪ್ಯಾಲಿಯೇಟಿವ್ ಕೇರ್ ನೀತಿ ತಂದಿತು. ಭಾರತದಲ್ಲಿ ಇಂಥ ನೀತಿ ಮಾಡಿದ ಮೊದಲ ರಾಜ್ಯ ಅದು. 1996ರಲ್ಲಿ ಶುರುವಾದ ಜನಯೋಜನೆಯಿಂದಾಗಿ ಅಲ್ಲಿನ ಪಂಚಾಯಿತಿಗಳ ಕೈಯಲ್ಲಿ ನಿಜವಾದ ಹಣ ಇತ್ತು. ಹಾಗಾಗಿ ಪಂಚಾಯಿತಿಗಳೇ ಸಮುದಾಯ ನರ್ಸ್‌ಗಳನ್ನು ನೇಮಿಸಿಕೊಂಡವು. ಇವತ್ತು ಕಾಸರಗೋಡಿನ ಕನ್ನಡ ಮಾತಾಡುವ ಮನೆಗಳಿಗೂ ಪಂಚಾಯಿತಿಯ ಪ್ಯಾಲಿಯೇಟಿವ್ ನರ್ಸ್ ಬರುತ್ತಾರೆ. ಗಡಿಯಿಂದ ಈಚೆ ಕೂತು ಇದನ್ನು ಓದುವವರಿಗೆ ಹೊಟ್ಟೆಕಿಚ್ಚಾದರೆ ತಪ್ಪಿಲ್ಲ.

2010ರಲ್ಲಿ ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್ ಎಂಬ ಸಂಶೋಧನಾ ಸಂಸ್ಥೆ 40 ದೇಶಗಳಲ್ಲಿ ಕೊನೆಗಾಲದ ಆರೈಕೆ ಹೇಗಿದೆ ಅಂತ ಹೋಲಿಸಿತು. ಭಾರತಕ್ಕೆ 40ನೇ ಸ್ಥಾನ. ಅದೇ ವರದಿಯಲ್ಲಿ ಕೇರಳವನ್ನು ಹೊಗಳಿದ್ದರು: ದೇಶದ ಜನಸಂಖ್ಯೆಯ ಶೇ. 3ರಷ್ಟು ಇರುವ ರಾಜ್ಯ ದೇಶದ ಪ್ಯಾಲಿಯೇಟಿವ್ ಸೇವೆಯ ಮೂರರಲ್ಲಿ ಎರಡು ಪಾಲು ಕೊಡುತ್ತಿದೆ ಅಂತ. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗವೂ ಸಾವಿನ ಕುರಿತ ತನ್ನ ವರದಿಯಲ್ಲಿ ಕೇರಳವನ್ನೇ ಉದಾಹರಣೆಯಾಗಿ ಮುಂದಿಟ್ಟಿತು.

ಹೊಗಳಿಕೆ ಸಾಕು, ತೊಂದರೆಗಳಿಗೆ ಬರೋಣ. ಮೊದಲನೆಯದು, 16 ಗಂಟೆ ಕಲಿತವರನ್ನು ರೋಗಿಯ ಮನೆಗೆ ಕಳಿಸುವುದೇ ಸರಿಯಾ ಅಂತ ವೈದ್ಯರ ವಲಯದಲ್ಲಿ ಆಕ್ಷೇಪ ಇತ್ತು. ಅದು ಪೂರ್ತಿ ಸುಳ್ಳಲ್ಲ. ಗಡಿ ಸ್ಪಷ್ಟವಾಗಿದ್ದ ಕಡೆ ನಡೆಯುತ್ತದೆ, ಮಸುಕಾದ ಕಡೆ ರೋಗಿಗೆ ತೊಂದರೆ. ಎರಡನೆಯದು, ಹೆಸರು ಬರುವ ಕೆಲಸಕ್ಕೆ ಪಕ್ಷಗಳೂ ಇಳಿದವು. ಕಣ್ಣೂರಿನಲ್ಲಿ ಸಿಪಿಎಂ ಬೆಂಬಲದ ಐಆರ್‌ಪಿಸಿ ಎಂಬ ಆರೈಕೆ ಸಂಸ್ಥೆ ಇದಕ್ಕೆ ಉದಾಹರಣೆ. ಒಳ್ಳೆಯ ಕೆಲಸ ಯಾರು ಮಾಡಿದರೇನು ಅನ್ನಬಹುದು. ಆದರೆ ಬಾವುಟ ನೋಡಿ ಬಾಗಿಲು ತೆರೆಯುವ ಪರಿಸ್ಥಿತಿ ಬಂದರೆ ಕೊನೆಗೆ ಕಳೆದುಕೊಳ್ಳುವುದು ರೋಗಿ. ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸಂಬಳದ ನರ್ಸ್ ಬಂದ ಮೇಲೆ ಇದು ಪಂಚಾಯಿತಿ ಕೆಲಸ, ನಮಗೇನು ಅನ್ನುವ ಭಾವನೆ ಊರಿನಲ್ಲಿ ಬೆಳೆಯುವ ಅಪಾಯ. ನರ್ಸ್ ಕಟ್ಟು ಬದಲಿಸಿ ಮುಂದಿನ ಮನೆಗೆ ಓಡಬೇಕು. ಅವರ ಪಟ್ಟಿ ಉದ್ದ. ಕೂತು ಮಾತು ಕೇಳುವ ಕೆಲಸಕ್ಕೆ ಯಾವ ರಿಜಿಸ್ಟರ್‌ನಲ್ಲೂ ಕಾಲಂ ಇಲ್ಲ.

ಮಲಪ್ಪುರಂನಲ್ಲಿ ಇದು ಯಾಕೆ ಇಷ್ಟು ಬೇಗ ಬೇರು ಬಿಟ್ಟಿತು ಅನ್ನುವುದಕ್ಕೂ ಕಾರಣಗಳಿವೆ. ಒತ್ತಾಗಿ ಹಬ್ಬಿದ ಮನೆಗಳು, ಬಲವಾದ ಮಸೀದಿ ಸಮಿತಿಗಳು, ಕ್ರೀಡಾ ಕ್ಲಬ್ಬುಗಳು, ಗಲ್ಫ್ ಹಣ, ದಾನವನ್ನು ಧರ್ಮದ ಭಾಗವೆಂದು ನಂಬುವ ಜನ. ಇವೆಲ್ಲ ಇಲ್ಲದ ಕಡೆ ಅದೇ ನಕ್ಷೆ ಇಟ್ಟರೆ ಅದೇ ಫಲ ಬರುತ್ತದೆ ಅನ್ನಲಾಗದು.

ಸತ್ತ ಮೇಲೆ ಯಾರು ಬರುತ್ತಾರೆ

ದುಃಖದ ವಿಷಯದಲ್ಲಿ ಈ ಮಾದರಿಗೆ ಒಂದು ಅನುಕೂಲ ತಾನಾಗಿಯೇ ಒದಗಿತು. ರೋಗಿಗೆ ಎರವಲು ಕೊಟ್ಟ ನೀರಿನ ಹಾಸಿಗೆ, ಗಾಲಿಕುರ್ಚಿ ವಾಪಸ್ ತರಲು ಯಾರಾದರೂ ಆ ಮನೆಗೆ ಹೋಗಲೇಬೇಕು. ಹೋಗುವವರು ಕೊನೆಯ ತಿಂಗಳುಗಳನ್ನು ಆ ಮನೆಯವರ ಜೊತೆ ಕಂಡವರು. ಹಾಸಿಗೆ ಮಡಚುತ್ತಾ ಮಾತು ಹೊರಡುತ್ತದೆ: ಆ ರಾತ್ರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರೆ ಉಳಿಯುತ್ತಿದ್ದರಾ? ಮಾರ್ಫಿನ್ ಜಾಸ್ತಿ ಕೊಟ್ಟೆನಾ? ಇಂಥ ಪ್ರಶ್ನೆಗೆ, ಇಲ್ಲ, ನೀವು ಸರಿಯಾಗಿಯೇ ನೋಡಿಕೊಂಡಿರಿ ಅಂತ ಕಣ್ಣಾರೆ ಕಂಡವರು ಹೇಳುವುದೇ ಬೇರೆ. ತಿಥಿಗೆ ಬಂದ ನೆಂಟರು ಹೇಳುವುದೇ ಬೇರೆ.

ಆಸ್ಟ್ರೇಲಿಯಾದ ಸಂಶೋಧಕಿ ಸಮರ್ ಔನ್ ಮತ್ತು ಜೊತೆಗಾರರು ಹೇಳುವ ಒಂದು ಲೆಕ್ಕ ಇದಕ್ಕೆ ಹೊಂದುತ್ತದೆ. ಸಾವು ಕಂಡ ಕುಟುಂಬದವರಲ್ಲಿ ಸುಮಾರು ಶೇ. 60ರಷ್ಟು ಜನಕ್ಕೆ ಮನೆಯವರು, ಗೆಳೆಯರು, ಅಕ್ಕಪಕ್ಕದವರು ಸಾಕು. ಶೇ. 30ರಷ್ಟು ಜನಕ್ಕೆ ತರಬೇತಿ ಪಡೆದ ಸ್ವಯಂಸೇವಕರ ಅಥವಾ ಗುಂಪಿನ ನೆರವು ಬೇಕಾಗಬಹುದು. ಉಳಿದ ಶೇ. 10ರಷ್ಟು ಜನಕ್ಕೆ ಮಾತ್ರ ತಜ್ಞರು ಬೇಕು. ತಿಂಗಳುಗಟ್ಟಲೆ ಕಳೆದರೂ ಊಟ, ಕೆಲಸ, ನಿದ್ದೆ ಯಾವುದೂ ಹಳಿಗೆ ಬಾರದವರು ಇವರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಆರು ತಿಂಗಳಿಗೂ ಮೀರಿ ಹೀಗೇ ಉಳಿಯುವ ತೀವ್ರ ದುಃಖವನ್ನು ಪ್ರತ್ಯೇಕ ಕಾಯಿಲೆ ಅಂತ ಗುರುತಿಸುತ್ತದೆ. ಈ ಕೊನೆಯ ಪಾಲಿನವರನ್ನು ಗುರುತಿಸಿ ಮುಂದಕ್ಕೆ ಕಳಿಸುವುದರಲ್ಲಿ ಕೇರಳದ ವ್ಯವಸ್ಥೆಯೂ ಬಲವಾಗಿಲ್ಲ. ರೋಗಿ ಇರುವವರೆಗೆ ಭೇಟಿಗೆ ಒಂದು ಕ್ರಮ ಇದೆ. ಹಾಸಿಗೆ ವಾಪಸ್ ಬಂದ ಮೇಲೆ ಅಂಥ ಕ್ರಮ ಇಲ್ಲ. ಹೋದರೆ ಹೋದರು, ಬಿಟ್ಟರೆ ಬಿಟ್ಟರು.

ಮೊದಲೇ ಮಾತಾಡಿಕೊಳ್ಳುವುದು

ಇನ್ನೊಂದು ದುರ್ಬಲ ಕೊಂಡಿ ಮುಂಚೆಯೇ ಮಾಡಿಕೊಳ್ಳಬೇಕಾದ ತೀರ್ಮಾನಗಳದ್ದು. ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಡಿ, ತಡೆದುಕೊಳ್ಳಲ್ಲ ಅಂತ ಮಗ ಗೇಟಿನ ಹತ್ತಿರವೇ ನರ್ಸ್ ಕೈ ಹಿಡಿಯುತ್ತಾನೆ. ಒಳಗೆ ಹೋದರೆ ಅಪ್ಪ ಮೆಲ್ಲಗೆ ಹೇಳುತ್ತಾರೆ: ನನಗೆ ಎಲ್ಲ ಗೊತ್ತು, ಮಗನಿಗೆ ಹೇಳಬೇಡಿ, ಪಾಪ. ಈ ಕೆಲಸದಲ್ಲಿರುವವರೆಲ್ಲ ಕಂಡಿರುವ ದೃಶ್ಯ ಇದು. ಎಲ್ಲ ಸರಿ ಹೋಗುತ್ತೆ ಅಂತ ಬಾಯಿಗೆ ಬಂದಂತೆ ಹೇಳಬೇಡಿ, ಅವರಿಗೆ ಏನು ಗೊತ್ತು, ಎಷ್ಟು ತಿಳಿಯಬೇಕು ಅಂತ ಮೊದಲು ಕೇಳಿ ಅಂತ ತರಬೇತಿಯಲ್ಲಿ ಕಲಿಸುತ್ತಾರೆ. ಆದರೂ ವೆಂಟಿಲೇಟರ್ ಬೇಕಾ ಬೇಡವಾ, ಕೊನೆಗೆ ಮನೆಯಲ್ಲೇ ಇರಬೇಕಾ ಅನ್ನುವ ಮಾತು ಬರೆದಿಟ್ಟ ತೀರ್ಮಾನವಾಗುವುದು ಕಡಿಮೆ.

ಕಾನೂನು ಇದಕ್ಕೆ ದಾರಿ ಮಾಡಿಕೊಟ್ಟಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ ಘನತೆಯಿಂದ ಸಾಯುವ ಹಕ್ಕನ್ನೂ, ಲಿವಿಂಗ್ ವಿಲ್ ಬರೆದಿಡುವ ಹಕ್ಕನ್ನೂ ಒಪ್ಪಿತು. ಕೊನೆಗಾಲದಲ್ಲಿ ತನಗೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಪತ್ರವೇ ಲಿವಿಂಗ್ ವಿಲ್. ಆಗ ಇದ್ದ ನಿಯಮ ಮಾತ್ರ ಜನಸಾಮಾನ್ಯರ ಕೈಗೆ ಸಿಗುವಂಥದ್ದಲ್ಲ, ಮ್ಯಾಜಿಸ್ಟ್ರೇಟರ ಸಹಿಯೇ ಬೇಕಿತ್ತು. 2023ರ ಜನವರಿ 24ರಂದು ಕೋರ್ಟ್ ಅದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ತನಗೆ ಮಾತಾಡಲು ಆಗದಿದ್ದಾಗ ತನ್ನ ಪರವಾಗಿ ಹೇಳುವವರ ಹೆಸರುಗಳನ್ನೂ ಅದರಲ್ಲಿ ಬರೆಯಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ರದ್ದು ಮಾಡಬಹುದು. ಆಸ್ಪತ್ರೆಯಲ್ಲಿ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಿದ ಮೇಲೆ, ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಚಿಕಿತ್ಸೆ ನಿಲ್ಲಿಸಬಹುದು. ಪ್ರತಿ ಮಂಡಳಿಯೂ ಸಾಧ್ಯವಾದಷ್ಟು 48 ಗಂಟೆಗಳಲ್ಲಿ ಹೇಳಬೇಕು. ಇದನ್ನು ಜಾರಿಗೆ ತರುವ ಆದೇಶವನ್ನು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಹೊರಡಿಸಿತು.

ಆದೇಶ ಬಂದಾಗ ಪತ್ರಿಕೆಗಳಲ್ಲಿ ದಯಾಮರಣ ಅನ್ನುವ ಮಾತೇ ಜಾಸ್ತಿ ಓಡಾಡಿತು. ಇಂಜೆಕ್ಷನ್ ಕೊಟ್ಟು ಸಾಯಿಸುವುದಕ್ಕೆ ಭಾರತದಲ್ಲಿ ಇವತ್ತಿಗೂ ಅವಕಾಶ ಇಲ್ಲ. ಇಲ್ಲಿರುವುದು ಫಲ ಕೊಡದ ಚಿಕಿತ್ಸೆಯನ್ನು ಬೇಡ ಅನ್ನುವ ಹಕ್ಕು ಮಾತ್ರ. ಅದನ್ನು ಜನಕ್ಕೆ ವಿವರಿಸಲು ಸುತ್ತೋಲೆಗೆ ಆಗುವುದಿಲ್ಲ.

ಮಲಪ್ಪುರಂನಿಂದ ನಮಗೆ ಎತ್ತಿಕೊಳ್ಳುವುದು ಇಲ್ಲಿದೆ ಅಂತ ನನಗನಿಸುತ್ತದೆ. ಲಿವಿಂಗ್ ವಿಲ್‌ನ ಪ್ರತಿಯನ್ನು ಸ್ಥಳೀಯ ಸಂಸ್ಥೆಯ ಅಧಿಕಾರಿಗೆ ಕೊಡಬೇಕು, ಅದನ್ನು ಕಾಪಾಡಲು ಅಲ್ಲಿ ಒಬ್ಬರನ್ನು ಗೊತ್ತು ಮಾಡಬೇಕು ಅಂತ ಕೋರ್ಟ್ ಹೇಳಿದೆ. ಅಂದರೆ ನಗರಸಭೆ ಅಥವಾ ಪಂಚಾಯಿತಿ. ಕೇರಳದಲ್ಲಿ ಪ್ಯಾಲಿಯೇಟಿವ್ ನರ್ಸ್ ಇರುವುದೂ ಅಲ್ಲೇ. ಒಂದೇ ಕಚೇರಿಯಲ್ಲಿ ಕಾಗದವೂ, ರೋಗಿಯ ಮನೆಗೆ ಹೋಗುವ ನರ್ಸೂ, ಜೊತೆಗೆ ಹತ್ತು ಹದಿನೈದು ಜನ ಸ್ವಯಂಸೇವಕರೂ ಇದ್ದರೆ ಆ ಕಾಗದ ಕಪಾಟಿನಲ್ಲಿ ಕೊಳೆಯುವುದಿಲ್ಲ. ಬರೆಯುವ ಮುಂಚೆ ಮಾತಾಡಲು ಯಾರಾದರೂ ಇರುತ್ತಾರೆ, ಮಧ್ಯರಾತ್ರಿ ಆಂಬ್ಯುಲೆನ್ಸ್ ಕರೆಯುವ ಮುಂಚೆ ಫೋನ್ ಮಾಡಲೂ ಯಾರಾದರೂ ಇರುತ್ತಾರೆ. ನೋಟರಿ ಹತ್ತಿರ ಹೋಗಿ ಸಹಿ ಮಾಡಿಸುವುದು ಅರ್ಧ ದಿನದ ಕೆಲಸ. ವಾರಕ್ಕೆ ಎರಡು ಗಂಟೆ ಕೊಡುವವರನ್ನು ಹುಡುಕಿ ತರಬೇತಿ ಕೊಡಲು ಮಲಪ್ಪುರಂಗೆ ವರ್ಷಗಳು ಹಿಡಿದವು. ನಮ್ಮಲ್ಲಿ ಆ ಕೆಲಸ ಯಾವ ಇಲಾಖೆಯದ್ದು ಅಂತ ಆದೇಶದಲ್ಲಿ ಇಲ್ಲ, ಬಹುಶಃ ಅದು ಇಲಾಖೆಯಿಂದ ಶುರುವಾಗುವ ಕೆಲಸವೂ ಅಲ್ಲ.